ಒಡೆಯದ ಬೀಗ

ಕೊಳಚೆ ನಾಲಾದ ಪಕ್ಕದ ಸೈಕಲ್ ದಾರಿಯ ಬೀಗವನ್ನು ಪರಸಪ್ಪ ಒಡೆಯಲಿಲ್ಲ. ಯಾರೂ ಒಡೆಯಲಿಲ್ಲ. ಅದರ ಚಾವಿ ನನ್ನ ಹತ್ತಿರವಿತ್ತು, ಅದನ್ನು ನನ್ನ ಕೈಯಾರೆ ನನ್ನ ಗಂಡನಿಗೆ ಕೊಟ್ಟೆ — ಆಮೇಲೆ ಐದು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದೆ. ಬರೀ ಬಾಯಿ ಮುಚ್ಚಿಕೊಂಡಿದ್ದರೆ ಹೇಡಿತನ ಎನ್ನಬಹುದಿತ್ತು. ನಾನು ಬಾಯಿ ತೆರೆದೆ. ತುಂಬಿದ ಸಭೆಯಲ್ಲಿ ಎಲ್ಲರ ಕಣ್ಣು ಅವನ ಕಡೆ ತಿರುಗುವಂತೆ ಮಾಡಿದೆ.

ಓದುವ ನಿಮಗೆ ನನ್ನ ಗುರುತಿಲ್ಲ, ಅವನದೂ ಇಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ವಾರಿಜಾ. ಉಡುಪಿ ಕಡೆಯವಳು, ಮದುವೆಯಾಗಿ ಮುಂಬಯಿಯ ಚೆಂಬೂರಿಗೆ ಬಂದವಳು. ಗಂಡನದು ಸಣ್ಣ ಹೋಟೆಲು. ನಲವತ್ತಾರನೇ ವಯಸ್ಸಿಗೆ ಮಂಡಿನೋವು ಎಂದು ಡಾಕ್ಟರ ಬಳಿ ಹೋದಾಗ ಅವರು ಸೈಕಲ್ ತುಳಿಯಿರಿ ಎಂದರು. ಆ ಪ್ರಾಯದಲ್ಲಿ ಕಲಿಸುವವರು ಯಾರು? ನಮ್ಮ ಬಿಲ್ಡಿಂಗಿನ ಮೂರು ಮನೆಗಳಿಗೆ ಅಡುಗೆ ಮಾಡಲು ಬಿಜಾಪುರದ ಕಡೆಯ ನೀಲವ್ವ ಸೈಕಲ್ಲಿನಲ್ಲಿ ಬರುತ್ತಿದ್ದಳು. ಸೀರೆಯನ್ನು ಮೇಲೆ ಸಿಕ್ಕಿಸಿ, ಹ್ಯಾಂಡಲಿಗೆ ಚೀಲ ತೂಗುಹಾಕಿಕೊಂಡು, ಟ್ರಕ್ಕುಗಳ ನಡುವೆ ನುಸುಳಿ ಬರುವ ಹೆಂಗಸು. ಒಂದು ದಿನ ಲಜ್ಜೆ ಬಿಟ್ಟು ಅವಳನ್ನೇ ಕೇಳಿದೆ. ಅವಳು ನಕ್ಕಳು. ಮರುದಿನದಿಂದ ಕೆಲಸ ಮುಗಿಸಿದ ಮೇಲೆ ಕಾಲನಿಯ ಮೈದಾನದಲ್ಲಿ ನನ್ನ ಕ್ಯಾರಿಯರ್ ಹಿಡಿದುಕೊಂಡು ಓಡಿದಳು. "ಗಾಲಿ ನೋಡಬ್ಯಾಡ್ರಿ ಅಕ್ಕಾರ, ಮುಂದ ನೋಡ್ರಿ. ಬಿದ್ರ ನಾ ಅದೀನಿ." ಹದಿನೈದು ದಿನ ಓಡಿದಳು. ಏನೂ ತೆಗೆದುಕೊಳ್ಳಲಿಲ್ಲ.

ಪರಸಪ್ಪ ಅವಳ ತಮ್ಮ. ಅವಳೇ ಹೊತ್ತು ಬೆಳೆಸಿದವನು — ತಾಯಿ ಬೇಗ ಹೋಗಿದ್ದರಂತೆ. ನಾಲಾದ ಆಚೆಯ ಜೋಪಡಿಗಳ ಬಸ್ತಿಯಲ್ಲಿ ಅಕ್ಕನ ಒಂದು ಕೋಣೆಯ ಖೋಲಿಯ ಪಕ್ಕದಲ್ಲೇ ಅವನ ಖೋಲಿ. ಬಸ್ತಿಯ ಬಾಯಲ್ಲಿ ಒಂದು ತಗಡಿನ ಕೆಳಗೆ ಪಂಕ್ಚರ್ ತಿದ್ದುತ್ತ ಕೂರುತ್ತಿದ್ದ. ಪಂಚಮಿಗೆ ತಪ್ಪದೆ ಅಕ್ಕನಿಗೆ ಸೀರೆ ತರುತ್ತಿದ್ದ. ನೀಲವ್ವನ ಪಾಲಿಗೆ ತವರು ಎಂದರೆ ಅವನೊಬ್ಬನೇ.

ನಾಲಾದ ಪಕ್ಕಕ್ಕೆ ಕಸ ತುಂಬಿದ ಒಂದು ಪಟ್ಟಿ ಜಾಗವಿತ್ತು. ಅದನ್ನು ಸೈಕಲ್ ದಾರಿ ಮಾಡಿಸಬೇಕೆಂಬ ಯೋಚನೆ ಹುಟ್ಟಿದ್ದು ನಮ್ಮಿಬ್ಬರ ಮಾತಿನಲ್ಲೇ. ಕಾಲನಿಯವರು ಹತ್ತು ಹದಿನೈದು ಜನ ಸೇರಿ ಸೈಕಲ್ ಬಳಗ ಕಟ್ಟಿದೆವು, ನನ್ನನ್ನು ಕಾರ್ಯದರ್ಶಿ ಮಾಡಿದರು. ಬೆಳಗ್ಗೆ ಹೆದ್ದಾರಿಯ ಅಂಚಿನಲ್ಲಿ ಕುರ್ಚಿ ಹಾಕಿ ಕೂತು ಹೋಗುವ ಸೈಕಲ್ಲುಗಳನ್ನು ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿದೆವು. ಹೆಲ್ಮೆಟ್ಟಿನ ನಮ್ಮಂಥವರು ಬೆರಳೆಣಿಕೆ. ಉಳಿದವರೆಲ್ಲ ಘಾಟ್ಕೋಪರ್ ಕಡೆಯ ಕಟ್ಟಡದ ಕೆಲಸಕ್ಕೆ ಹೋಗುವವರು, ವಾಚ್‌ಮನ್‌ಗಳು, ಹಾಲು-ಪೇಪರಿನವರು. ವಾರ್ಡ್ ಆಫೀಸಿನಲ್ಲಿ ಇಂಜಿನಿಯರು ನಮ್ಮ ಅರ್ಜಿಯನ್ನು ಬದಿಗಿಡಹೊರಟಾಗ ನೀಲವ್ವ ಎದ್ದು ನಿಂತಿದ್ದಳು: "ಸಾಬ್, ಹಮ್ ಶೌಕ್ ಕೇ ಲಿಯೇ ನಹೀ ಚಲಾತೇ. ಬಸ್ಸಿಗೆ ಹೋದ್ರ ಎರಡನೇ ಮನಿಗೆ ತಡಾ ಆಗತೈತ್ರಿ." ಶೋಕಿಗಲ್ಲ ತುಳಿಯುವುದು ಎಂದು ಅರ್ಧ ಹಿಂದಿ, ಉಳಿದರ್ಧ ಕನ್ನಡ. ಅವರಿಗೆ ಎಷ್ಟು ತಿಳಿಯಿತೋ — ಅರ್ಜಿ ಮಾತ್ರ ಮುಂದೆ ಹೋಯಿತು.

ಎರಡು ವರ್ಷ ಓಡಾಡಿದ ಮೇಲೆ ದಾರಿ ಆಯಿತು. ಆದರೆ ಮೊದಲ ವಾರದಲ್ಲೇ ಮೋಟರ್‌ಬೈಕುಗಳು ನುಗ್ಗಿದವು. ಸಿಗ್ನಲ್ ತಪ್ಪಿಸಲು ಅವರಿಗೆ ಅದು ಒಳದಾರಿ. ಮತ್ತೆ ಅರ್ಜಿ, ಮತ್ತೆ ಓಡಾಟ. ಕೊನೆಗೆ ದಾರಿಯ ಬಸ್ತಿ ಕಡೆಯ ಬಾಗಿಲಲ್ಲಿ, ಪರಸಪ್ಪನ ತಗಡಿನ ಹತ್ತಿರ, ಮೂರು ಕಬ್ಬಿಣದ ಕಂಬ ನೆಟ್ಟರು. ನಡುವಿನ ಕಂಬಕ್ಕೆ ಬೀಗ — ಕಸದ ಗಾಡಿ ಬಂದಾಗ ಮಾತ್ರ ತೆಗೆದು ಕಂಬ ಎತ್ತುವುದು. ಒಂದು ಚಾವಿ ವಾರ್ಡ್ ಆಫೀಸಿನಲ್ಲಿ. ಇನ್ನೊಂದನ್ನು ಬಳಗದ ಅಧ್ಯಕ್ಷ ಕುಲಕರ್ಣಿಯವರು ಎಲ್ಲರೆದುರು ನನ್ನ ಕೈಗಿಟ್ಟರು. ಅವತ್ತು ನನಗೆಷ್ಟು ಹೆಮ್ಮೆ! ದೇವರ ಕೋಣೆಯ ಗೂಡಿನಲ್ಲಿಟ್ಟಿದ್ದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹೋಟೆಲಿನ ಮುಂದಿನ ರಸ್ತೆಯನ್ನು ಅಗೆದುಹಾಕಿದರು. ಬೆಳಗಿನ ತಿಂಡಿಯ ಪಾರ್ಸೆಲ್ಲು ಆಫೀಸುಗಳಿಗೆ ತಡವಾಗಿ ಮುಟ್ಟತೊಡಗಿತು. ಒಂದು ಸಂಜೆ ಇವರು ಚಹಾ ಕುಡಿಯುತ್ತ ಕೇಳಿದರು. ನಾವು ಮನೆಯಲ್ಲಿ ಆಡುವುದು ತುಳು, ಕನ್ನಡದಲ್ಲಿ ಹೇಳುವುದಾದರೆ ಆ ಮಾತು ಹೀಗಿತ್ತು: "ನಾಲ್ಕು ದಿವಸ ಮಾತ್ರ ಮಾರಾಯ್ತಿ. ಬಸ್ತಿ ಕಡೆಯ ಕಂಬ ತೆಗೆದರೆ ಸಾಕು, ನಮ್ಮ ಡೆಲಿವರಿಯವ ಬೆಳಿಗ್ಗೆ ಬೇಗ ಹೋಗಿ ಬರ್ತಾನೆ. ಯಾರಿಗೆ ಗೊತ್ತಾಗ್ತದೆ?"

ಬೇಡ ಎಂದೆ. ಒಮ್ಮೆ ಎಂದೆ — ನೆನಪಿದೆ. ಎರಡನೇ ಸಲ ಎಂದೆನೋ ಇಲ್ಲವೋ... ಇವರು ಒತ್ತಾಯ ಮಾಡಲಿಲ್ಲ, ಗದರಲಿಲ್ಲ. ಆ ಬೈಕುಗಳ ವಿರುದ್ಧ ಸಹಿ ಸಂಗ್ರಹಿಸಿದವಳು ನಾನು. ಗೂಡಿನಿಂದ ಚಾವಿ ತೆಗೆದುಕೊಟ್ಟವಳೂ ನಾನೇ. ನಮ್ಮವನು ಒಬ್ಬ, ನಿಧಾನ ಹೋಗುತ್ತಾನೆ — ಹಾಗೆಂದು ನನ್ನ ಮನಸ್ಸಿಗೆ ಹೇಳಿಕೊಂಡೆ. ಬೇರೆ ಬೈಕಿನವರೆಲ್ಲ ಹೇಳುತ್ತಿದ್ದುದೂ ಅದನ್ನೇ.

ಮೂರನೇ ಬೆಳಗ್ಗೆ ಆರೂವರೆಗೆ ನೀಲವ್ವ ಕೆಲಸಕ್ಕೆ ಹೊರಟಿದ್ದಳು. ದಾರಿ ತಿರುಗುವಲ್ಲಿ ಎದುರಿನಿಂದ ಬೈಕು ಬಂತು. ಅವಳು ಪಕ್ಕಕ್ಕೆಳೆದಳು, ನಾಲಾದ ಕಬ್ಬಿಣದ ಬೇಲಿಗೆ ಹೊಡೆದು ಬಿದ್ದಳು. ಎಡಗೈಯ ಮಣಿಕಟ್ಟು ಮುರಿಯಿತು, ಭುಜದ ಎಲುಬು ಬಿರುಕು ಬಿಟ್ಟಿತು. ಬೈಕು ನಿಲ್ಲಲಿಲ್ಲ. ನಾನು ಆಸ್ಪತ್ರೆಗೆ ಓಡಿದೆ, ಅವಳ ತಲೆ ಸವರಿದೆ, "ಯಾರು ಈ ಪಾಪಿ" ಎಂದು ನಿಜವಾಗಿಯೂ ಸಿಟ್ಟಿನಿಂದ ಬೈದೆ. ನನಗೆ ಹೊಳೆದಿರಲಿಲ್ಲ — ಅಥವಾ ಹೊಳೆಯಲು ಬಿಟ್ಟಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದಾಗ ಇವರು ಸೋಫಾದ ತುದಿಯಲ್ಲಿ ಕೂತಿದ್ದರು. "ನಮ್ಮವನೇ," ಎಂದರು. "ಹೆದರಿ ಬೀಗವನ್ನೂ ನಾಲಾಕ್ಕೆ ಎಸೆದು ಬಂದಿದ್ದಾನೆ. ಚಾವಿ ಗೂಡಿನಲ್ಲಿಟ್ಟಿದ್ದೇನೆ, ಅವನನ್ನು ಊರಿಗೆ ಕಳಿಸಿಬಿಟ್ಟೆ. ನೀನು ಬಾಯಿ ಬಿಟ್ಟರೆ ಹೋಟೆಲು ಮುಚ್ಚಬೇಕು."

ಇಪ್ಪತ್ತು ವರ್ಷ ಜತೆಗಿದ್ದ ಮನುಷ್ಯ. ನನ್ನನ್ನು ಒಂದು ಮಾತೂ ಕೇಳದೆ, ನನ್ನ ಗೆಳತಿಯನ್ನು ಕೆಡವಿದವನನ್ನು ರೈಲು ಹತ್ತಿಸಿ ಬಂದು ಕೂತಿದ್ದರು. ಮೋಸ ಹೋದೆ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಆ ಅಳುವಿನಲ್ಲಿ ನಾನೊಂದು ಉಪಾಯ ಮಾಡಿದೆ, ಈಗ ಅರ್ಥವಾಗುತ್ತದೆ — ನನಗೆ ಅನ್ಯಾಯವಾಗಿದೆ ಎಂದುಕೊಂಡರೆ ನಾನು ಮಾಡಿದ್ದನ್ನು ನೋಡಬೇಕಾಗಿಲ್ಲ.

ವಾರದ ನಂತರ ಕಾಲನಿಯ ಸೊಸೈಟಿ ಹಾಲಿನಲ್ಲಿ ಸಭೆ ಕರೆದರು. ಬಳಗದವರು, ಬಸ್ತಿಯವರು, ವಾರ್ಡ್ ಆಫೀಸಿನ ಇಂಜಿನಿಯರು. ನೀಲವ್ವ ಕೈಗೆ ಪ್ಲಾಸ್ಟರು ಹಾಕಿಕೊಂಡೇ ಬಂದಿದ್ದಳು. ತಮ್ಮ ಅವಳ ಪಕ್ಕ ನಿಂತಿದ್ದ.

"ಚಾಬಿ ಕಿಸ್ ಕೇ ಪಾಸ್ ಥೀ?" ಎಂದು ಇಂಜಿನಿಯರು ಕೇಳಿದರು. ಅವರ ಚಾವಿ ಆಫೀಸಿನ ಮೊಳೆಯಲ್ಲೇ ಇತ್ತಂತೆ.

"ಇನ್ನೊಂದು ನನ್ನ ಹತ್ತಿರವೇ ಇತ್ತು. ಗೂಡಿನಿಂದ ಹೊರಗೆ ತೆಗೆದಿಲ್ಲ," ಎಂದೆ.

ಆಗ ಪರಸಪ್ಪ ಮೆಲ್ಲಗೆ ಹೇಳಿದ: "ಬೀಗ ಒಡದಿಲ್ರಿ, ತಗದಾರ. ಒಡದಿದ್ರ ಕಂಬದ ಕೊಂಡಿಗೆ ಗಾಯ ಆಗಿರತಿತ್ತು. ನಾ ನೋಡೀನಿ, ಒಂದು ಗೀರೂ ಇಲ್ಲ." ಹೇಳಿ ನನ್ನ ಕಡೆ ನೋಡಿದ. ಅನುಮಾನಿಸಿ ನೋಡಿದನೋ, ಸುಮ್ಮನೆ ನೋಡಿದನೋ. ಯೋಚಿಸುವ ಮೊದಲೇ ಮಾತು ಹೊರಬಿತ್ತು:

"ಗೀರಿಲ್ಲದೆ ಬೀಗ ತೆಗೆಯುವ ಹತಾರ ಆ ಕಂಬದ ಬಳಿ ಯಾರ ಹತ್ತಿರ ಇರುತ್ತದೆ, ನೀವೇ ಯೋಚಿಸಿ."

ಯೋಚಿಸುವ ಮೊದಲೇ ಎಂದೆನೆ? ಅದೂ ಸುಳ್ಳು. ಯೋಚಿಸಿಯೇ ಹೇಳಿದೆ.

ಹಾಲಿನಲ್ಲಿ ಗುಜುಗುಜು ಎದ್ದಿತು. ಬೈಕಿನವರ ಕೈಯಿಂದ ದುಡ್ಡು ತಿಂದಿರಬೇಕು ಎಂದ ಒಬ್ಬ. ಪರಸಪ್ಪ ಅಕ್ಕನ ಮುಖ ನೋಡಿದ. ಅವಳು ಅವನ ಪರ ಎದ್ದಿದ್ದರೆ ಬಹುಶಃ ನಾನು ಅಲ್ಲೇ ಕುಸಿದುಬಿಡುತ್ತಿದ್ದೆ. ಅವಳು ಎದ್ದಳು. ನನ್ನ ಪರವಾಗಿ.

"ವಾರಿಜಕ್ಕಾರ ಸುಳ್ಳ ಹೇಳಾಂಗಿಲ್ರಿ," ಎಂದಳು. ತಮ್ಮನ ಕಡೆ ತಿರುಗಿದಳು. "ಖರೇ ಹೇಳು ಪರಸ್ಯಾ."

"ನಾ ಅಲ್ಲ ಯಕ್ಕಾ."

"ಹಂಗಾರ ಬೀಗ ತಾನ ತಗೊಂಡು ಹೋತೇನು?"

ಅವನು ಹಾಲಿನಿಂದ ಹೊರಗೆ ನಡೆದುಹೋದ. ತಪ್ಪು ಮಾಡಿದವನೇ ಹಾಗೆ ಹೋಗುತ್ತಾನೆ ಎಂದು ಜನ ಹೇಳಿದರು. ನಾನೂ ತಲೆಯಾಡಿಸಿದೆ.

ತಿಂಗಳೊಳಗೆ ಅವನ ತಗಡು ಕಿತ್ತುಹಾಕಿದರು. ದಾರಿಯ ಬಸ್ತಿ ಕಡೆಯ ಬಾಗಿಲಿಗೆ ಗೋಡೆ ಕಟ್ಟಿದರು. ಕಾಲನಿ ಕಡೆಯ ಬಾಗಿಲು ಮಾತ್ರ ಉಳಿಯಿತು, ಅಲ್ಲಿಗೊಬ್ಬ ವಾಚ್‌ಮನ್ ಬಂದ. ಯಾರ ಸೈಕಲ್ಲು ಎಣಿಸಿ ಆ ದಾರಿ ಪಡೆದಿದ್ದೆವೋ ಅವರೆಲ್ಲ ಮತ್ತೆ ಟ್ರಕ್ಕುಗಳ ಮಧ್ಯೆ ಹೋದರು. ನಾವು ಭಾನುವಾರ ಬಣ್ಣದ ಹೆಲ್ಮೆಟ್ಟು ಹಾಕಿಕೊಂಡು ನಾಲಾದ ಗಾಳಿ ಸವಿದೆವು. ನೀಲವ್ವನ ಮಣಿಕಟ್ಟು ಸರಿಯಾಗಿ ಕೂಡಲಿಲ್ಲ. ಹಿಟ್ಟು ನಾದಲಾಗದೆ ಎರಡು ಮನೆ ಬಿಡಬೇಕಾಯಿತು. ಪರಸಪ್ಪ ದೂರದ ಕಲ್ಯಾಣ ಪಟ್ಟಣಕ್ಕೆ ಹೋದ. ಅಕ್ಕ ತಮ್ಮನಲ್ಲಿ ಮಾತು ನಿಂತುಹೋಯಿತು. "ನನ್ನ ಕೈ ಮುರದಾಂವ ನನ್ನ ತಮ್ಮ ಅಲ್ಲ," ಎಂದು ನನ್ನೆದುರೇ ಹೇಳಿದಳು. ಆಗಲೂ ನಾನು ಚಹಾ ಸೋಸುತ್ತಿದ್ದೆ. ಸೋಸಿ ಅವಳಿಗೊಂದು ಲೋಟ ಕೊಟ್ಟೆ.

ಹೀಗೆಯೇ ಸತ್ತುಹೋಗುತ್ತಿದ್ದೆನೇನೋ. ಈ ವರ್ಷ ಯುಗಾದಿ ಕಳೆದ ಮೇಲೆ ನೀಲವ್ವ ಒಂದು ಕಾಗದ ಹಿಡಿದು ಮನೆಗೆ ಬಂದಳು. ಗೋಡೆ ಒಡೆದು ಬಾಗಿಲು ಬಿಡಿ ಎಂದು ಬಸ್ತಿಯವರ ಅರ್ಜಿ. ಅವಳ ಮಗಳು ಮರಾಠಿಯಲ್ಲಿ ಬರೆದಿದ್ದಳು. "ತಪ್ಪಿದ್ರ ತಿದ್ದಿ, ಮೊದಲ ನೀವ ಸಹಿ ಹಾಕ್ರಿ ಅಕ್ಕಾರ. ನಿಮ್ಮ ಮಾತ ಕೇಳತಾರ." ಓದುತ್ತ ಹೋದೆ. ಮೂರನೇ ಸಾಲಿಗೆ ಕಣ್ಣು ನಿಂತಿತು. ನಮ್ಮ ಪೈಕಿ ಒಬ್ಬ ಬೀಗ ಒಡೆದ ಅಪರಾಧ ಮಾಡಿದ್ದಾನೆ, ಅದಕ್ಕಾಗಿ ಬಸ್ತಿಯವರೆಲ್ಲರೂ ಕ್ಷಮೆ ಕೇಳುತ್ತೇವೆ — ಎಂದಿತ್ತು.

ನಾನು ಮಾಡಿದ್ದಕ್ಕೆ ಒಂದು ಇಡೀ ಬಸ್ತಿ ಕ್ಷಮೆ ಕೇಳುತ್ತಿತ್ತು. ಅದಕ್ಕೆ ನನ್ನ ಸಹಿ ಬೇಕಿತ್ತು.

ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೇಳಿದೆ. ಚಾವಿ, ಗಂಡ, ಬೈಕು, ಸಭೆ — ಎಲ್ಲ. ಅವಳು ತನ್ನ ಎಡಗೈಯನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನು ಕಾಲು ಹಿಡಿಯಲು ಬಾಗಿದೆ. ಹಿಂದೆ ಸರಿದಳು.

"ನನಗ್ಯಾಕ ಹೇಳತೀರಿ? ಅವತ್ತ ಎಲ್ಲಾರ ಮುಂದ ಹೇಳಿದ್ರಿ. ಈಗೂ ಎಲ್ಲಾರ ಮುಂದ ಹೇಳ್ರಿ."

ಕಾಗದ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಮುಂದಿನ ಭಾನುವಾರ ಅದೇ ಹಾಲಿನಲ್ಲಿ ಹೇಳಿದೆ. ಬಸ್ತಿಯವರೂ ಇದ್ದರು. ಕುಲಕರ್ಣಿಯವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಹಿಂದಿನ ಸಾಲಿನಲ್ಲಿ ಯಾರೋ ಥೂ ಎಂದರು. ಮನೆಗೆ ಬಂದರೆ ಇವರು ಕೇಳಿದ್ದು ಒಂದೇ: "ಈಗ ಸಮಾಧಾನ ಆಯ್ತಾ?" ಆಗಿಲ್ಲ. ಆಗಬೇಕೆಂದು ಹೇಳಿದ್ದೂ ಅಲ್ಲ. ಕಾರ್ಯದರ್ಶಿಯ ಹುದ್ದೆ ಬಿಟ್ಟೆ. ಹೋಟೆಲಿನ ಬೈಕಿನ ವಿಷಯವನ್ನು ಪೊಲೀಸ್ ಚೌಕಿಯಲ್ಲಿ ಬರೆದುಕೊಟ್ಟೆ. ಇವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಆಮೇಲೆ ಪರಸಪ್ಪನಿಗೆ ಫೋನು ಮಾಡಿದೆ. ಹೆಸರು ಹೇಳಿದೆ. ಆ ಕಡೆ ಯಾರೋ ಟಯರಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಎಲ್ಲ ಹೇಳಿ ಮುಗಿಸಿದೆ.

"ಗೊತ್ತಿತ್ರಿ," ಎಂದ. "ಕೊಂಡಿ ನೋಡಿದಾಗನ ಗೊತ್ತಾಗಿತ್ತು."

"ಹಾಗಾದರೆ ಯಾಕೆ ಹೇಳಲಿಲ್ಲ?" — ಕೇಳುವಷ್ಟು ನಾಚಿಕೆಗೆಟ್ಟವಳು ನಾನು.

"ಹೇಳಿದ್ನಲ್ರಿ. ಯಾರು ಕೇಳಿದ್ರು?" ಆಮೇಲೆ ಅಂದ: "ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ. ನೀವು ಹೊರಗಿನವ್ರು, ನಿಮ್ಮ ಮನಿ ಉಳಿಸ್ಕೊಂಡ್ರಿ. ನಮ್ಮಕ್ಕ ನಂಬಿದ್ಲಲ್ರಿ... ನನ್ನ ಎತ್ತಿ ಆಡಿಸಿದಾಕಿ..." ಅಲ್ಲಿಗೆ ಮಾತು ತಿರುಗಿಸಿದ. "ಗಿರಾಕಿ ಬಂದಾರ, ಇಡತೀನ್ರಿ."

ಸಿಟ್ಟಿದ್ದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅವನು ನನಗೆ ಅದನ್ನೂ ಕೊಡಲಿಲ್ಲ.

ನೀಲವ್ವ ಅವನಿಗೆ ಎಷ್ಟೋ ಸಲ ಫೋನು ಮಾಡಿದಳಂತೆ, ಎತ್ತಲಿಲ್ಲವಂತೆ. ಇದನ್ನು ಅವಳ ಮಗಳಿಂದ ತಿಳಿದೆ. ನೀಲವ್ವ ನನ್ನೊಡನೆ ಮಾತಾಡುವುದಿಲ್ಲ. ಅರ್ಜಿಯ ಮೂರನೇ ಸಾಲು ಈಗ ನನ್ನ ಹೆಸರಿನಲ್ಲಿದೆ. ಗೋಡೆ ಇನ್ನೂ ಬಿದ್ದಿಲ್ಲ. ಸೋಮವಾರ ಸೋಮವಾರ ವಾರ್ಡ್ ಆಫೀಸಿಗೆ ಹೋಗಿ ಕೂರುತ್ತೇನೆ. ನೀಲವ್ವನೂ ಬಂದಿರುತ್ತಾಳೆ, ಬೇರೆ ಬೆಂಚಿನಲ್ಲಿ. ನಮ್ಮ ಅರ್ಜಿ ಕರೆದಾಗ ಅವಳು ನನ್ನನ್ನು ನೋಡದೆ ದಾಟಿ ಕಿಟಕಿಯ ಮುಂದೆ ನಿಲ್ಲುತ್ತಾಳೆ. ನಾನು ಎದ್ದು ಹೋಗಿ ಅವಳ ಹಿಂದೆ ನಿಲ್ಲುತ್ತೇನೆ.