ಬೀಗದವನ ಪುಸ್ತಕ

ನಗರಸಭೆಯ ಗೋಡೆಗೆ ಬೆನ್ನು ಕೊಟ್ಟು ಇಪ್ಪತ್ತೆರಡು ವರ್ಷಗಳಿಂದ ಕೂತಿರುವ ಬೀಗದವನಿಗೆ ಸಂವಿಧಾನದ ಒಂದು ವಿಧಿಯೂ ಗೊತ್ತಿಲ್ಲ. ಅದನ್ನು ಓದಿ ಪಾಸಾದ ಅನೇಕರಿಗೂ ಗೊತ್ತಿಲ್ಲವಾದ್ದರಿಂದ ಇದೇನು ದೊಡ್ಡ ಕೊರತೆಯಲ್ಲ.

ಅವನಿಗೆ ಗೊತ್ತಿರುವುದು ಒಂದೇ ನಿಯಮ. ಸಹಿಯಿಲ್ಲದೆ ಬೀಗ ತೆಗೆಯುವುದಿಲ್ಲ. ಹರೆಯದಲ್ಲಿ ಒಮ್ಮೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ "ನಮ್ಮನೆ ಬೀಗದ ಕೈ ಕಳೆದುಹೋಗಿದೆ" ಎಂದಾಗ ನಂಬಿ ಬಾಗಿಲು ತೆಗೆದುಕೊಟ್ಟಿದ್ದ. ಸಂಜೆ ನಿಜವಾದ ಯಜಮಾನ ಬಂದ. ಅಂಗಿಯವನು ಸಿಗಲಿಲ್ಲ, ಇವನು ಸಿಕ್ಕ. ಮೂರು ದಿನ ಲಾಕಪ್ಪಿನಲ್ಲಿ ಒದೆ ತಿಂದ. ಹೊರಬಂದವನೇ ಉದ್ದನೆಯ ಪುಸ್ತಕವೊಂದನ್ನು ಕೊಂಡು ಗೆರೆ ಎಳೆದ: ಹೆಸರು, ಕೆಲಸ, ಮನೆ ಯಾರದು, ಕಾರಣ, ಸಹಿ, ಅಕ್ಕಪಕ್ಕದವರೊಬ್ಬರ ಸಾಕ್ಷಿ. ಹೆಂಡತಿಯ ಟ್ರಂಕಿನ ಕೈ ಕಳೆದಾಗಲೂ ಪುಸ್ತಕ ಮುಂದಿಟ್ಟನಂತೆ.

"ನಾನು ನಿಮ್ಮ ಹೆಂಡ್ತಿ ಕಣ್ರೀ."

"ಯಾರಿಲ್ಲ ಅಂದ್ರು? ಅದನ್ನೇ ಬರಿ."

ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳೊಂದಿಗೆ ಬಂದು ಅವನನ್ನು ಜೀಪಿಗೆ ಹತ್ತಿಸಿಕೊಂಡು ನಮ್ಮ ಕಟ್ಟಡಕ್ಕೆ ಕರೆತಂದ. ಮೂರನೇ ಮಹಡಿಯಲ್ಲಿ, ನನ್ನ ಎದುರು ಮನೆಯಲ್ಲಿ, ಶಾಲೆಯ ಟೀಚರೊಬ್ಬಳಿದ್ದಾಳೆ. ಊರಿನ ನೀರಿನ ಟ್ಯಾಂಕನ್ನು ಐದು ವರ್ಷಗಳಿಂದ ತೊಳೆದಿಲ್ಲವೆಂದು ಪತ್ರಿಕೆಗೆ ಬರೆದದ್ದು ಅವಳ ಅಪರಾಧ. ಅವಳು ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಇನ್ನೂ ಏನೇನು ಬರೆದಿಟ್ಟಿದ್ದಾಳೆಂದು ನೋಡುವ ಕುತೂಹಲ ನಗರಸಭೆಯ ಅಧ್ಯಕ್ಷರಿಗೆ. ಬಾಗಿಲು ಒಡೆದರೆ ಗುರುತು ಉಳಿಯುತ್ತದೆ. ಯಾರೂ ಬಂದೇ ಇಲ್ಲ ಎನ್ನುವಂತಿರಬೇಕು. ಅದಕ್ಕೇ ಬೀಗದವನು.

ಅವನು ಮೆಟ್ಟಿಲ ಮೇಲೆ ಕೂತು ಪುಸ್ತಕ ಬಿಚ್ಚಿದ. "ಹೆಸರು ಹೇಳಿ ಸಾರ್."

"ನನ್ನ ಹೆಸರು ಗೊತ್ತಿಲ್ವೇನೋ?"

"ನನಗೆ ಗೊತ್ತು. ಪುಸ್ತಕಕ್ಕೆ ಗೊತ್ತಿಲ್ಲ."

"ನಾನು ಪೊಲೀಸು ಕಣೋ."

"ಅದು ಕೆಲಸ, ಮುಂದಿನ ಕಾಲಮ್ಮಲ್ಲಿ ಬರ್ಕೋತೀನಿ. ಮನೆ ಟೀಚರಮ್ಮಂದು. ಅವರು ತೆಗಿ ಅಂದಿದಾರಾ? ಇಲ್ಲಾಂದ್ರೆ ಕೋರ್ಟಿನ ಕಾಗದ ಇದೆಯಾ? ಬ್ಯಾಂಕಿನವರು ಮನೆ ಜಪ್ತಿಗೆ ಬಂದಾಗ ತೋರಿಸ್ತಾರೆ."

ಗದ್ದಲ ಕೇಳಿ ಬಾಗಿಲಿಗೆ ಬಂದಿದ್ದ ನನ್ನನ್ನು ತೋರಿಸಿ, "ಸಾಕ್ಷಿಗೆ ಅಮ್ಮಾವ್ರು ಇದಾರೆ" ಎಂದ.

"ನಾನು ಸಹಿ ಹಾಕ್ತೀನಿ" ಎಂದೆ. "ಮೊದಲು ಅವರು ಹಾಕಲಿ."

ಇನ್ಸ್‌ಪೆಕ್ಟರ್ ನನ್ನನ್ನು ನೋಡಿ ಹಲ್ಲು ಕಡಿದ, ಬೀಗದವನತ್ತ ತಿರುಗಿದ. "ನಾಳೆಯಿಂದ ಆ ಗೋಡೆ ಪಕ್ಕ ಹೇಗೆ ಕೂರ್ತೀಯೋ ನೋಡ್ತೀನಿ."

ಬೀಗದವನ ಮುಖ ಇಳಿಯಿತು. ಆ ಜಾಗ ಬಿಟ್ಟರೆ ಅವನಿಗೆ ಬೇರೆ ಗತಿಯಿಲ್ಲ. "ಎರಡು ನಿಮಿಷದ ಕೆಲಸ ಸಾರ್, ಸಹಿ ಹಾಕ್ಬಿಡಿ. ನಾನೂ ಹೊಟ್ಟೆಪಾಡಿನವನು" ಎಂದು ಪೆನ್ನು ಚಾಚಿದ.

ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡ, ಗೆರೆಗಳನ್ನು ನೋಡಿದ, ಪೆನ್ನನ್ನು ಮೆಟ್ಟಿಲ ಕೆಳಕ್ಕೆ ಎಸೆದು ಹೊರಟುಹೋದ. ದಿನಕ್ಕೆ ನೂರು ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಮನುಷ್ಯನಿಗೆ ಅಂದು ಕೈ ಬರಲಿಲ್ಲ.

ಮರುದಿನ ಗೋಡೆಯ ಪಕ್ಕ ಬೀಗದವನು ಸಾಮಾನು ಇಡುತ್ತಿದ್ದ ಮರದ ಪೆಟ್ಟಿಗೆ ಮಾಯ. ಹೆಂಡತಿ ಈಳಿಗೆ ಮುಂದಿಟ್ಟಳಂತೆ: "ಇನ್ಸ್‌ಪೆಕ್ಟರಿಗೆ ಕಾನೂನು ಕಲಿಸಿ ಬಂದ್ರಲ್ಲ, ಈಗ ಕೂತು ಈರುಳ್ಳಿ ಹೆಚ್ಚಿ."

ಅವನು ದಿನವೂ ನಗರಸಭೆಗೆ ಹೋಗಿ ಯಾರ ಆರ್ಡರಿನ ಮೇಲೆ ಎತ್ತಿದರೆಂದು ಕೇಳುತ್ತಿದ್ದ.

"ಆರ್ಡರ್ ಇಲ್ಲ" ಎಂದ ಗುಮಾಸ್ತ. "ಆರ್ಡರ್ ಇಲ್ಲ ಅಂದ್ಮೇಲೆ ನಾವು ಎತ್ತೇ ಇಲ್ಲ."

"ಮತ್ತೆ ಆ ಕಿಟಕಿ ಕೆಳಗಿರೋದು?"

"ಅದು ಟೇಬಲ್ಲು." ಅದರ ಮೇಲೆ ಗುಮಾಸ್ತನ ಟೀ ಲೋಟವಿತ್ತು.

ಹನ್ನೊಂದನೇ ದಿನ ಟೀಚರ್ ಮರಳಿ ಬಂದಳು. ನಡೆದದ್ದನ್ನು ನಾನು ಹೇಳಿದೆ. ಅವಳು ಬೀಗದವನ ಹೆಸರಿನಲ್ಲಿ ಅರ್ಧ ಪುಟದ ಅರ್ಜಿ ಬರೆದಳು. ಪೆಟ್ಟಿಗೆ ಎತ್ತಲು ಹೇಳಿದವರು ಯಾರು, ಯಾವ ನಿಯಮದಡಿ, ಲಿಖಿತ ಆದೇಶದ ಪ್ರತಿ ಕೊಡಿ. ಪ್ರತಿಗಳು ಮೂರು ಕಚೇರಿಗೆ ಹೋದವು. ಅಧ್ಯಕ್ಷರು ಇನ್ಸ್‌ಪೆಕ್ಟರನ್ನು ತೋರಿಸಿದರು, ಇನ್ಸ್‌ಪೆಕ್ಟರ್ ಗುಮಾಸ್ತನನ್ನು, ಗುಮಾಸ್ತ ರಜೆ ಹಾಕಿದ. ನಾಲ್ಕನೇ ದಿನ ಕಚೇರಿ ತೆರೆಯುವ ಮೊದಲೇ ಪೆಟ್ಟಿಗೆ ಗೋಡೆಯ ಪಕ್ಕ ಬಂದು ಕೂತಿತ್ತು, ತಾನೇ ನಡೆದು ಬಂದಂತೆ, ಟೀ ಕಲೆಯ ಸಮೇತ.

ಅಂದು ಟೀಚರ್ ಅವನ ಬಳಿ ಹೋದಳು. ಅಂಗಡಿಗೆ ಹೊರಟಿದ್ದ ನಾನೂ ಜೊತೆಗಿದ್ದೆ. ಅವಳು ಭಾಷಣ ಸಿದ್ಧಮಾಡಿಕೊಂಡೇ ಬಂದಿದ್ದಳು. "ಪ್ರಜೆಯ ಮನೆಯೊಳಗೆ ಸರ್ಕಾರ ಸುಮ್ಮನೆ ನುಗ್ಗೋ ಹಾಗಿಲ್ಲ ಅಂತ ನೀವು..."

ಬೀಗದವನು ಅರದ ತುಕ್ಕು ಉಜ್ಜುತ್ತಿದ್ದ. "ಅದಿರಲಿ ಟೀಚರಮ್ಮ. ನಿಮ್ಮ ಬಾಗಿಲಿಗಿರೋ ಬೀಗ ಹೇರ್‌ಪಿನ್ನಿಗೆ ಬಿಚ್ಕೊಳುತ್ತೆ. ಆ ಪೇದೆಗಳಿಗೆ ಅದು ಗೊತ್ತಿರಲಿಲ್ಲ, ನಿಮ್ಮ ಪುಣ್ಯ. ಇವತ್ತೇ ಬದಲಾಯಿಸಿ."