ಹಾಲಿನ ಡೈರಿಯಲ್ಲಿ ಲೈಬ್ರರಿ ಹುಡುಕಾಟ

“ಲೇ ತಮ್ಮ, ವ್ಯಾನ್ ಬರೋಕೆ ಒಂದೇ ಗಂಟೆ ಐತೆ. ನಿನ್ನ ಕಂಪ್ಯೂಟರ್ ಬಾಯೇ ಬಿಡ್ತಿಲ್ಲ!”

ಯಲ್ಲದಕೆರೆಯ ಹಾಲಿನ ಡೈರಿಯಲ್ಲಿ ನನ್ನಕ್ಕ ಕಾರ್ಯದರ್ಶಿ. ಮೊನ್ನೆ ಬೆಳಗ್ಗೆ ಆಕೆ ಹೀಗೆ ಗದರಿದಾಗ ಹೊರಗೆ ಮೂವತ್ತು ಜನ ಹಾಲು ಹಿಡಿದು ನಿಂತಿದ್ದರು.

ಹಿಂದಿನ ಸಂಜೆ ಡೈರಿಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿಸಿ ಹೊಸದನ್ನು ತಂದಿಟ್ಟವನು ನಾನೇ. ಹಾಲು ಪರೀಕ್ಷಿಸುವ ಪ್ರೋಗ್ರಾಮನ್ನೂ ಕಾಪಿ ಮಾಡಿದ್ದೆ. ಓಡಿಸಿ ನೋಡಿದೆನೆ? ಇಲ್ಲ. “ಅಮಾವಾಸ್ಯೆ ದಿನ ಹೊಸದು ಶುರು ಮಾಡಬ್ಯಾಡ” ಅಂದಳು ಅಕ್ಕ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಆಫ್ ಮಾಡಿದೆವು. (ನಾನೂ ತಕರಾರು ಮಾಡಲಿಲ್ಲ.)

ಪರೀಕ್ಷೆಯಾಗದ ಹಾಲನ್ನು ದೊಡ್ಡ ಕ್ಯಾನಿಗೆ ಸುರಿಯುವಂತಿಲ್ಲ. ಒಬ್ಬರದು ಕೆಟ್ಟಿದ್ದರೆ ಎಲ್ಲರದೂ ಕೆಡುತ್ತದೆ. ವ್ಯಾನ್ ತಪ್ಪಿದರೆ ಅಷ್ಟೂ ಹಾಲು ಮನೆಗೆ ವಾಪಸ್.

ಪ್ರೋಗ್ರಾಮ್ ಬರೆದವರು ಹಿರಿಯೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಬಾನಾ. ಮೊದಲ ಫೋನಿಗೇ ಸ್ಕೂಟರ್ ಏರಿದ್ದರು. ಬಂದಾಗ ಇಪ್ಪತ್ತು ನಿಮಿಷ ಉಳಿದಿತ್ತು.

“ಲೈಬ್ರರಿ ಇಲ್ಲ ಸರ್. ಹಳೇ ಕಂಪ್ಯೂಟರಲ್ಲೇ ಉಳೀತು.”

ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ. ಪರೀಕ್ಷೆಯ ಯಂತ್ರದ ಜೊತೆ ಮಾತಾಡಲು ಆ ಕಂಪನಿಯವರೇ ಬರೆದುಕೊಟ್ಟ ಸಿದ್ಧ ಭಾಗ. ಅದು ಶೇರ್ಡ್ ಆಗಿದ್ದರೆ ಕಂಪ್ಯೂಟರಿನಲ್ಲಿ ಬೇರೆಯಾಗಿರುತ್ತದೆ. ಪ್ರೋಗ್ರಾಮ್ ಪ್ರತಿಸಲ ಅಲ್ಲಿಗೆ ಹೋಗಿ ಕೇಳಬೇಕು. ಗುಜರಿಗೆ ಹೋದದ್ದು ಇದೇ. ಸ್ಟ್ಯಾಟಿಕ್ ಆದರೆ ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿಬಿಡುತ್ತದೆ. ಶಬಾನಾ ಬಳಿಯ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಸ್ಟ್ಯಾಟಿಕ್ ಮಾತ್ರ.

ಲ್ಯಾಪ್‌ಟಾಪ್ ತೆರೆದು ಅದನ್ನೇ ಸೇರಿಸಿ ಬಿಲ್ಡ್ ಮಾಡಿದರು, ಅಂದರೆ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಲು ನೋಡಿದರು. ಫೇಲ್. ಮತ್ತೆ ಮಾಡಿದರು. ಮತ್ತೆ ಫೇಲ್.

“ಲೈಬ್ರರಿ ಫೈಲ್ ಕಣ್ಣೆದುರಿಗೇ ಐತೆ, ಸಿಗಲಿಲ್ಲ ಅಂತೈತೆ!” ಅಂದರು ಶಬಾನಾ.

ಹೊರಗೆ ವ್ಯಾನಿನ ಹಾರ್ನ್. ಅಕ್ಕ ಡ್ರೈವರ್ ಕಡೆ ಓಡಿದಳು. ಶಬಾನಾ ಕೈ ಕಟ್ಟಿ ಕೂತು ಬಿಲ್ಡ್ ಮಾಡಲು ತಾವು ಕೊಟ್ಟ ಆಜ್ಞೆಯನ್ನು ಒಂದೊಂದೇ ಪದವಾಗಿ ಓದಿದರು. ಲೈಬ್ರರಿ ಮುಂದಿತ್ತು, ಪ್ರೋಗ್ರಾಮ್ ಹಿಂದಿತ್ತು. ಅದಲುಬದಲು ಮಾಡಿದರು. ಬಿಲ್ಡ್ ಆಯಿತು!

“ಶೇರ್ಡ್ ಇದ್ದಾಗ ಹೆಂಗಿದ್ರೂ ನಡೀತಿತ್ತು. ಸ್ಟ್ಯಾಟಿಕ್ ಹಂಗಲ್ಲ. ಕೇಳೋ ಪ್ರೋಗ್ರಾಮ್ ಮೊದಲು ಬರಬೇಕು. ಅಷ್ಟೊತ್ತಿಗೆ ಯಾರೂ ಕೇಳದೆ ಇದ್ರೆ ಕಂಪ್ಯೂಟರ್ ಲೈಬ್ರರಿನ ದಾಟಿ ಹೋಗ್ತೈತೆ, ತಿರುಗಿ ನೋಡಲ್ಲ.”

“ನಮ್ಮ ವ್ಯಾನ್ ಡ್ರೈವರ್ ಇದ್ದಂಗೆ ಬಿಡಮ್ಮ” ಅಂದರು ಸಾಲಿನ ಕೊನೆಯಲ್ಲಿದ್ದ ರಂಗಪ್ಪ.

ಡ್ರೈವರ್ ಕಾಲು ಗಂಟೆ ಕಾದ. ಅದಕ್ಕಿಂತ ಹೆಚ್ಚು ಕಾಯಲಿಲ್ಲ. ಪರೀಕ್ಷೆಯಾದ ಹಾಲು ವ್ಯಾನ್ ಏರಿತು, ಕೊನೆಯ ನಾಲ್ವರದು ಉಳಿಯಿತು. ರಂಗಪ್ಪ ನನ್ನತ್ತ ಕ್ಯಾನು ಎತ್ತಿ ತೋರಿಸಿದರು: “ಮಜ್ಜಿಗೆ ಮಾಡ್ತೀವಿ, ಕುಡಿಯಾಕೆ ಬರ್ರಿ ಸ್ವಾಮಿ. ನಿಮ್ದೇ ಪುಣ್ಯ!”

ಶಬಾನಾ ಹೊರಡುವಾಗ ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: “ಈಗ ಎಲ್ಲಾ ಒಳಗೇ ಐತಕ್ಕ, ಕಂಪ್ಯೂಟರ್ ಬದಲಾಯಿಸಿದ್ರೂ ಓಡ್ತೈತೆ. ಆದ್ರೆ ಲೈಬ್ರರಿಲಿ ತಪ್ಪು ಸಿಕ್ರೆ ಅದೊಂದನ್ನೇ ಬದಲಿಸಾಕಾಗಲ್ಲ. ನಾನೇ ಬಂದು ಪೂರ್ತಿ ಹೊಸದಾಗಿ ಮಾಡಬೇಕು.”

ಯಾವ ಕಂಪ್ಯೂಟರಿನ ಹಂಗೂ ಇಲ್ಲದ ಪ್ರೋಗ್ರಾಮ್ ಸಿಕ್ಕಿತು, ಸರಿ. ಶಬಾನಾ ಸಿಗದ ದಿನ?