ಬಾಳಗೊಂಡ ಮಾಮಾನ ಜರ್ಮನ್ ಪಾನಾ

ಕೊಲ್ಹಾಪುರದ ಒಂದು ಹತ್ಯಾರದ ಅಂಗಡಿಯಲ್ಲಿ ನಾನು ಕೌಂಟರಿನ ಹಿಂದೆ ನಿಲ್ಲುತ್ತೇನೆ. ನಟ್ಟು ಬಿಚ್ಚುವ ಪಾನಾ, ಪಕ್ಕಡ, ಸ್ಕ್ರೂಡ್ರೈವರು, ಎಲ್ಲವೂ ದುಬಾರಿ ಕಂಪನಿಯವು. ಗ್ಯಾರೇಜಿನವರು ಬರುತ್ತಾರೆ, ಒಂದು ಪಾನಾ ಎತ್ತಿ ಅಂಗೈಯಲ್ಲಿ ತೂಗಿ ನೋಡುತ್ತಾರೆ, ಬೆಲೆ ಕೇಳಿದೊಡನೆ ಕಾದ ಹಂಚು ಮುಟ್ಟಿದವರಂತೆ ಕೆಳಗಿಡುತ್ತಾರೆ. "ಇಷ್ಟ ರೊಕ್ಕ ಕೊಡೂವಂಥಾದ್ದ ಏನೈತ್ರಿ ಇದರಾಗ?" ಎಂಬ ಪ್ರಶ್ನೆಗೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ನನ್ನ ಬಳಿ ಬಾಯಿಪಾಠದ ಉತ್ತರವಿದೆ. ಉಕ್ಕಿನ ಗುಣ ಹೇಳುತ್ತೇನೆ, ಹಿಡಿತ ಹೇಳುತ್ತೇನೆ, ಜೀವನಪೂರ್ತಿ ವಾರಂಟಿ ಎನ್ನುತ್ತೇನೆ. ಇಷ್ಟೆಲ್ಲ ಹೇಳುವ ನಾನು ಸ್ವಂತ ಬೈಕಿನ ಕನ್ನಡಿ ಸಡಿಲಾದರೂ ಗಲ್ಲಿಯ ಗ್ಯಾರೇಜಿಗೆ ಒಯ್ಯುವವನು. ಈಜು ಬಾರದವನು ದೋಣಿ ಮಾರಲು ಕೂತ ಹಾಗೆ.

ಆ ಪ್ರಶ್ನೆಗೆ ನಿಜವಾದ ಉತ್ತರ ಕುರುಂದವಾಡದಲ್ಲಿ, ನನ್ನ ಸೋದರತ್ತೆ ಹೀರಾಬಾಯಿಯ ಮನೆಯಲ್ಲಿ ಇತ್ತು. ಅವಳು ಹಳೆಯ ಇಳಕಲ್ ಸೀರೆ ಹರಿದು, ಸಾಲಾಗಿ ಕಿಸೆ ಹೊಲಿದ ಬಟ್ಟೆಯಲ್ಲಿ ಆ ಉತ್ತರ ಸುತ್ತಿಕೊಂಡು ಮಲಗಿರುತ್ತಿತ್ತು. ಅದು ಅವಳ ಗಂಡ ಬಾಳಗೊಂಡ ಮಾಮಾನ ಪಾನಾ ಸೆಟ್ಟು.

ಮಾಮಾ ಜೀವಮಾನವಿಡೀ ಹೊಳೆ ದಂಡೆಯ ಮೋಟರು ಪಂಪುಗಳ ಮೆಕ್ಯಾನಿಕ್. ಬೇರೆ ಊರಿನಲ್ಲಿ ಮಳೆಗಾಲವೆಂದರೆ ಬಿತ್ತುವ ಕಾಲ. ಕುರುಂದವಾಡದಲ್ಲಿ ಮೋಟರು ಬಿಚ್ಚುವ ಕಾಲ. ಕೃಷ್ಣೆ ಏರತೊಡಗಿದರೆ ಕಬ್ಬಿನವರೆಲ್ಲ ದಂಡೆಗೆ ಓಡಿ ತಮ್ಮ ತಮ್ಮ ಮೋಟರನ್ನು ಕಟ್ಟೆಯಿಂದ ಬಿಚ್ಚಿ ಮೇಲೆ ಎಳೆದುಕೊಳ್ಳಬೇಕು, ನೀರು ಇಳಿದ ಮೇಲೆ ಮತ್ತೆ ಕೂರಿಸಬೇಕು. ಆ ದಿನಗಳಲ್ಲಿ ಮಾಮಾನ ಮುಖ ನೋಡಬೇಕಿತ್ತು. ಗಂಜಿ ಹಾಕಿದ ಬಿಳಿ ಟೊಪ್ಪಿಗೆ ಇಟ್ಟುಕೊಂಡು, ಸೀರೆಬಟ್ಟೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿ, ಕೆಸರಿನಲ್ಲಿ ಬೀಗರ ಮನೆಗೆ ಹೊರಟವನಂತೆ ನಡೆಯುತ್ತಿದ್ದ. ಕೆಲಸ ಮುಗಿದ ಮೇಲೆ ಮೊದಲು ಪಾನಾಗಳಿಗೆ ಸ್ನಾನ, ಆಮೇಲೆ ತನ್ನ ಕೈಗೆ. ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಒಂದೊಂದನ್ನೂ ಅದರದರ ಕಿಸೆಗೆ ಸೇರಿಸಿ, ಸೆಟ್ಟು ಪೂರ್ತಿ ಎಂದು ಖಾತ್ರಿಯಾಗದೆ ದಂಡೆ ಬಿಡುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದೂ ಕಳೆದಿರಲಿಲ್ಲ, ಒಂದೂ ಮುರಿದಿರಲಿಲ್ಲ. ಊರಲ್ಲಿ ಅವನ ಜಂಬವೆಲ್ಲ ಇದೊಂದರ ಮೇಲೆಯೇ ನಿಂತಿತ್ತು.

ಯಾರಾದರೂ ಎರವಲು ಕೇಳಿದರೆ ಅವನ ಉತ್ತರ ಸಿದ್ಧ: "ಹೆಂಡತೀನ ಬೇಕಾದರ ತವರಿಗಿ ಕಳಸ್ತೇನಿ, ಪಾನಾ ಯಾರ ಮನಿಗೂ ಕಳಸಾಂಗಿಲ್ಲ."

ಒಳಗಿನಿಂದ ಅತ್ತೆ: "ಕಳಸರಿ ನೋಡೂಣು! ರೊಟ್ಟಿ ಯಾರ ಬಡೀತಾರ, ನಿಮ್ಮ ಪಾನಾ?"

ನಾನು ಚಿಕ್ಕವನಿದ್ದಾಗ ರಜೆಗೆ ಹೋದರೆ ಅವನದೊಂದು ಆಟವಿತ್ತು. ನನ್ನ ಕಣ್ಣು ಮುಚ್ಚಿಸಿ ಅಂಗೈ ಮೇಲೆ ಒಂದು ಪಾನಾ ಇಡುತ್ತಿದ್ದ. ತೂಕದ ಮೇಲೆ ಅದರ ಅಳತೆಯ ನಂಬರು ಹೇಳಬೇಕು. ತಣ್ಣನೆಯ ಕಬ್ಬಿಣ, ಕೊಬ್ಬರಿ ಎಣ್ಣೆಯ ವಾಸನೆ, ಅಂಗಳದಲ್ಲಿ ಒಣಹಾಕಿದ ಸಂಡಿಗೆಯ ವಾಸನೆ. ಒಮ್ಮೆಯೂ ಸರಿ ಹೇಳಲಿಲ್ಲ. "ಇಂವನ ಕೈಗಿ ಬರೇ ರೊಟ್ಟಿ ತೂಕ ಗೊತ್ತೈತಿ" ಎಂದು ಮಾಮಾ ನಗುತ್ತಿದ್ದ. ಈಗ ಅದೇ ಕೈಯಿಂದ ದಿನವಿಡೀ ಪಾನಾ ಮಾರುತ್ತೇನೆ. ಇಂದಿಗೂ ನಂಬರು ಓದಿಯೇ ಹೇಳುತ್ತೇನೆ.

ಸೆಟ್ಟು ಬಂದ ಕತೆಯನ್ನು ಅತ್ತೆ ಪ್ರತಿ ದೀಪಾವಳಿಗೆ, ಮಾಮಾನ ಎದುರಿಗೇ ಹೇಳುತ್ತಾಳೆ. ನಮ್ಮ ಕಡೆ ಮದುವೆಯಲ್ಲಿ ಅಳಿಯನಾದವನು ಊಟದ ಹೊತ್ತಿಗೆ ರುಸವಾ ಮಾಡಬೇಕು, ಅಂದರೆ ಎಲೆಯ ಮುಂದೆ ಮುನಿಸಿಕೊಂಡು ಕೂರಬೇಕು. ಮಾವ ಏನಾದರೂ ಕೊಟ್ಟು ಸಮಾಧಾನ ಮಾಡಿದ ಮೇಲೆಯೇ ತುತ್ತು ಎತ್ತಬೇಕು. ಒಬ್ಬ ಗಡಿಯಾರ ಕೇಳುತ್ತಾನೆ, ಇನ್ನೊಬ್ಬ ಉಂಗುರ. ಇಚಲಕರಂಜಿಯಲ್ಲಿ ನಡೆದ ಅವರ ಮದುವೆಯಲ್ಲಿ ಮಾಮಾ ಕೇಳಿದ್ದು ಜರ್ಮನ್ ಪಾನಾ ಸೆಟ್ಟು. ಅಲ್ಲಿಯ ಮಗ್ಗದ ಕಾರ್ಖಾನೆಯ ಫಿಟ್ಟರನೊಬ್ಬನ ಬಳಿ ಅಂಥದ್ದನ್ನು ನೋಡಿದ್ದನಂತೆ, ಅಂದಿನಿಂದ ನಿದ್ದೆ ಹತ್ತಿರಲಿಲ್ಲವಂತೆ.

ನೂಲಿನ ವ್ಯಾಪಾರಿಯಾಗಿದ್ದ ನನ್ನ ಅಜ್ಜ ಸಿಡಿದೆದ್ದ: "ನಾ ಮಗಳನ್ನ ಕೊಡಾಕತ್ತೇನೋ, ಗ್ಯಾರೇಜ ಹಾಕಿ ಕೊಡಾಕತ್ತೇನೋ?"

ಮಾಮಾ ಕೈಕಟ್ಟಿ ಕುಳಿತ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಳಿಯ ತುತ್ತೆತ್ತದೆ ಪಂಕ್ತಿಯಲ್ಲಿ ಯಾರೂ ಎತ್ತುವಂತಿಲ್ಲ. ಚಪ್ಪರದ ನೆರಳು ಉದ್ದವಾಯಿತು, ಜಿಲೇಬಿ ತಣ್ಣಗಾಯಿತು, ಎರಡೂ ಕಡೆಯ ಮುದುಕಿಯರು ಪಡುವಣಕ್ಕೆ ನೋಡುತ್ತ ಅಜ್ಜನನ್ನು ಬೈಯತೊಡಗಿದರು. ಕೊನೆಗೆ ಅಜ್ಜ ಸೋತ: "ಆತಪಾ, ಜರ್ಮನಿಗಿ ಹೋಗ್ಯರೇ ತಂದ ಕೊಡ್ತೇನಿ. ಮೊದಲ ತುತ್ತ ಎತ್ತು!" ಸೂರ್ಯನೊಡನೆ ಪಂದ್ಯ ಕಟ್ಟಿದವರಂತೆ ಅಷ್ಟೂ ಮಂದಿ ಉಂಡರಂತೆ.

"ನನ್ನ ಕೈಗಿ ಮಾಡಸಬೇಕಂದಿದ್ದ ಬಂಗಾರದ ಪಾಟ್ಲಿ ಕಬ್ಬಿಣ ಆದುವು" ಎಂದು ಅತ್ತೆ ಕತೆ ಮುಗಿಸಿದರೆ ಮಾಮಾ ಬಿಡುವನೇ? "ಪಾಟ್ಲಿ ಇಷ್ಟೊತ್ತಿಗಿ ಸವದ ದಾರ ಆಗಿರತಿದ್ದುವು. ನನ್ನ ಪಾನಾ ನೋಡ, ಹೆಂಗ ಕುಂತಾವ."

ಈ ಮಳೆಗಾಲದ ಒಂದು ರವಿವಾರ ನಾನು ಕುರುಂದವಾಡಕ್ಕೆ ಹೋದೆ. ಕೈಯಲ್ಲಿ ನನ್ನದೇ ಒಂದು ಸೆಟ್ಟು. ಕಳೆದ ದೀಪಾವಳಿಗೆ ಮಾಲಕರು ಬೋನಸ್ಸಿನ ಬದಲು ಪೆಟ್ಟಿಗೆ ನೆಗ್ಗಿದ್ದ ಒಂದು ದುಬಾರಿ ಪಾನಾ ಸೆಟ್ಟನ್ನು ನನ್ನ ಕೈಗಿತ್ತು ಬೆನ್ನು ತಟ್ಟಿದ್ದರು. ಅದು ಕಪಾಟಿನ ಮೇಲೆಯೇ ಇತ್ತು. ಮಾಮಾನಿಗೆ ತೋರಿಸಿ ಮೆರೆಯುವ ಆಸೆ.

ಮಾಮಾ ತೆಳ್ಳಗಾಗಿದ್ದ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದ. ಪೆಟ್ಟಿಗೆ ತೆರೆದು ಬಹಳ ಹೊತ್ತು ನೋಡಿದ. "ಭಾಳ ಚಂದ ಅದಾವ. ಪೂಜಿಗಿ ಇಟಗೊ."

ಅಷ್ಟರಲ್ಲಿ ಪಕ್ಕದ ಹೊಲದ ಭೂಪಾಲ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಓಡಿಬಂದ. "ಅಣ್ಣಾ, ನೀರ ಕಟ್ಟಿಗಿ ಬಂದೈತಿ. ಮೋಟರಿನ ಮೂರ ನಟ್ಟ ಬಿಚ್ಚೇನಿ, ಕಡೀದ ಒಂದ ಅಳ್ಳಾಡವಲ್ದು!"

"ನಿನಗ ಯಾಂವ ಹೇಳಿದ್ದ ಕೈ ಹಚ್ಚಾಕ?"

"ನಿಮ್ಮ ಕೈ ಬ್ಯಾನಿ ಐತಿ ಅಂತ ಹೀರಾಬಾಯಿ ವೈನಿ ಹೇಳಿದ್ರು. ಸಂತ್ಯಾಗಿಂದ ಒಂದ ಪಾನಾ ತಂದಿದ್ದೆ..."

ಮಾಮಾ ಟೊಪ್ಪಿಗೆ ಇಟ್ಟುಕೊಂಡ. ನಾನೂ ಪೆಟ್ಟಿಗೆ ಎತ್ತಿಕೊಂಡು ಹಿಂದೆ ಹೊರಟೆ, ಯಾಕೆಂದು ನನಗೇ ಗೊತ್ತಿಲ್ಲ.

ಕೆಂಪು ನೀರು ಕಲ್ಲುಕಟ್ಟೆಯ ಅಂಚನ್ನು ನೆಕ್ಕುತ್ತಿತ್ತು. ಭೂಪಾಲನ ಸಂತೆ ಪಾನಾ ಜಾರಿ ಜಾರಿ ನಟ್ಟಿನ ಮೂಲೆಗಳನ್ನೆಲ್ಲ ತಿಂದುಹಾಕಿತ್ತು. ಮಾಮಾ ಅದನ್ನು ಬೆರಳಿನಿಂದ ಸವರಿ ನೋಡಿದ. "ಹಲ್ಲ ಗಟ್ಟಿ ಇದ್ದ ಹುಡುಗನ್ನ ಮುದುಕ ಮಾಡಿಟ್ಟೀಯಲ್ಲೋ ಭೂಪಾಲ್ಯಾ!" ಸುರುಳಿ ಬಿಚ್ಚಿ, ನಟ್ಟನ್ನು ಬಳೆಯಂತೆ ಸುತ್ತಲೂ ಹಿಡಿಯುವ ಇಪ್ಪತ್ನಾಲ್ಕರ ರಿಂಗ್ ಪಾನಾ ತೆಗೆದ. ನಟ್ಟಿನ ಮೇಲಿಟ್ಟು ಮೆಲ್ಲಗೆ ಹತೋಡಿಯಿಂದ ತಟ್ಟಿದ; ಸವೆದ ನಟ್ಟನ್ನೂ ಅದು ಹಿಡಿದುಕೊಂಡಿತು. ಎಳೆದ. ಮಣಿಕಟ್ಟು ಒಪ್ಪಲಿಲ್ಲ. ಭೂಪಾಲ ಎಳೆದ. ನಟ್ಟು ಕದಲಲಿಲ್ಲ.

"ಪೈಪ ಹಾಕಬೇಕ ಅಣ್ಣಾ" ಎಂದ ಭೂಪಾಲ, ಮೆಲ್ಲಗೆ. ಹಿಡಿಕೆಗೆ ಉದ್ದ ಪೈಪು ಸಿಕ್ಕಿಸಿದರೆ ಬಲ ಹೆಚ್ಚುತ್ತದೆ, ಪಾನಾದ ಆಯುಷ್ಯ ಕಡಿಮೆಯಾಗುತ್ತದೆ. ಪೈಪು ಹಾಕುವವರನ್ನು ಮಾಮಾ ದಂಡೆಯ ಮೇಲೆ ನಿಲ್ಲಗೊಡುತ್ತಿರಲಿಲ್ಲ.

ಅವನು ಏರುತ್ತಿದ್ದ ನೀರು ನೋಡಿದ. ಭೂಪಾಲ ನನ್ನ ಪೆಟ್ಟಿಗೆ ನೋಡಿದ. ಅದರಲ್ಲೂ ಒಂದು ಇಪ್ಪತ್ನಾಲ್ಕು ಇತ್ತು, ಮಿರಮಿರ ಮಿಂಚುತ್ತ. ಕೌಂಟರಿನಲ್ಲಿ ಪಳಗಿದ ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು: "ಪೈಪ ಹಾಕಿದರ ವಾರಂಟಿ ಹೋಗತೈತ್ರಿ."

"ಹಂಗಾರ ಹೊಳಿಗಿ ನಿನ್ನ ವಾರಂಟಿ ಕಾರ್ಡ ತೋರಸಪಾ, ನಿಲ್ಲತೈತೇನ ನೋಡೂಣು!" ಎಂದ ಭೂಪಾಲ.

"ಇರಲಿ ಬಿಡೋ" ಎಂದ ಮಾಮಾ. "ಇಂವನ ಪಾನಾ ಇನ್ನೂ ಅಂಗಡಿ ಬಿಟ್ಟ ಬಂದಿಲ್ಲ." ತಾನೇ ಪೈಪು ಎತ್ತಿ ತನ್ನ ಪಾನಾದ ಹಿಡಿಕೆಗೆ ಸಿಕ್ಕಿಸಿದ. ಮೂವರೂ ಕೈ ಹಾಕಿದೆವು. "ಚಲಾ, ಲಾವಾ ಜೋರ! ಎಳೀರಿ!" ಎಂದು ಮಾಮಾ ಕೂಗಿದ.

ನಟ್ಟು ಕಿರ್ರೆಂದಿತು. ಇನ್ನೊಂದು ಎಳೆತಕ್ಕೆ ಅದು ತಿರುಗಿತು. ಅದೇ ಗಳಿಗೆಯಲ್ಲಿ ಟಕ್ಕೆಂದು ಪಾನಾದ ರಿಂಗು ಸೀಳಿತು.

ಮುಂದಿನದು ಸಲೀಸು. ಸಡಿಲಾದ ನಟ್ಟನ್ನು ಭೂಪಾಲ ಸಂತೆ ಪಾನಾದಿಂದಲೇ ಬಿಚ್ಚಿದ, ಹಗ್ಗ ಕಟ್ಟಿದೆವು, ಆಚೆಯ ಹೊಲದವರೂ ಬಂದು ಎಳೆದರು. ಮೋಟರು ಮೇಲೆ ಹತ್ತಿ ಸ್ವಲ್ಪ ಹೊತ್ತಿಗೇ ಕಟ್ಟೆ ನೀರಿನಡಿ ಹೋಯಿತು. ಎಲ್ಲರೂ ಕೂಗಾಡಿದರು. ಮಾಮಾ ಮಾತ್ರ ಪಾನಾ ತೊಳೆಯುತ್ತಿದ್ದ, ಸೀಳಿದ್ದನ್ನೂ ಸೇರಿಸಿ.

ಮನೆಗೆ ಬರುವ ದಾರಿಯಲ್ಲಿ ನನಗೆ ಅಂಗಡಿಯ ಪ್ರಶ್ನೆ ನೆನಪಾಯಿತು. ಅಜ್ಜ ಮುನಿದು ಕೊಟ್ಟ ಆ ಕಬ್ಬಿಣದಿಂದ ಈ ದಂಡೆಯಲ್ಲಿ ಎಷ್ಟು ಮೋಟರು ಮೇಲೆ ಹತ್ತಿದ್ದಾವು? ಇದು ಕೌಂಟರಿನಲ್ಲಿ ಹೇಳುವ ಮಾತಲ್ಲ. ಹೇಳಿದರೆ ಗಿರಾಕಿ ರಿಯಾಯಿತಿ ಎಷ್ಟೆಂದು ಕೇಳುತ್ತಾನೆ.

ಪಡಸಾಲೆಯಲ್ಲಿ ಸೀರೆಬಟ್ಟೆ ಹಾಸಿ ಮಾಮಾ ಕುಳಿತ. ಎಲ್ಲ ಕಿಸೆ ತುಂಬಿದ್ದವು, ಒಂದು ಬಿಟ್ಟು. ಅತ್ತೆ ರೊಟ್ಟಿ, ಹೆಸರಬ್ಯಾಳಿ ಆಮಟಿ ತಂದಿಟ್ಟಳು. ಮೋಡದಲ್ಲಿ ಸೂರ್ಯ ಕಾಣುತ್ತಿರಲಿಲ್ಲ. ಅವಳು ಕ್ಯಾಲೆಂಡರಿನಲ್ಲಿ ಹೊತ್ತು ಮುಳುಗುವ ವೇಳೆ ನೋಡಿ, ಗೋಡೆ ಗಡಿಯಾರ ನೋಡಿದಳು.

"ಉಣ್ಣರಿ, ಹೊತ್ತಾತು."

"ಹಸಿವಿಲ್ಲ."

"ಮುಂಜಾನಿ ತಿಂದದ್ದ ಎರಡ ರೊಟ್ಟಿ."

ಮಾಮಾ ಕೈಕಟ್ಟಿ ಗೋಡೆ ನೋಡಿದ. ಅತ್ತೆ ನನ್ನ ಕಡೆ ತಿರುಗಿದಳು. "ನೋಡ ತಮ್ಮಾ, ಮತ್ತ ರುಸವಾ! ಆವಾಗ ನಮ್ಮಪ್ಪ ಇದ್ದಾ. ಈಗ ನಮ್ಮ ತವರಿನ ಗಂಡಸಂದ್ರ ಈ ಮನ್ಯಾಗ ನೀ ಒಬ್ಬಾಂವ."

ಅವಳು ನಗುತ್ತಲೇ ಹೇಳಿದ್ದು, ಆದರೆ ಕಣ್ಣು ಗಡಿಯಾರದ ಮೇಲಿತ್ತು. ನಾನು ಪೆಟ್ಟಿಗೆ ತೆರೆದು ಇಪ್ಪತ್ನಾಲ್ಕನ್ನು ತೆಗೆದೆ. ಅದು ಕೂತಿದ್ದ ಜಾಗ ಬಿದ್ದ ಹಲ್ಲಿನ ಹಾಗೆ ಕಂಡಿತು. ತಾಟಿನ ಪಕ್ಕದಲ್ಲಿ ಇಟ್ಟೆ.

ಮಾಮಾ ಮುಟ್ಟಲಿಲ್ಲ. ಆಮೇಲೆ ಎತ್ತಿ ತೂಗಿದ. "ಹಗರ ಐತಿ."

ನಾನು ತಾಟನ್ನು ಅವನತ್ತ ಸರಿಸಿದೆ.

"ಎಷ್ಟ ಹೊಳೀತೈತೋ! ನೀರಾಗ ಬಿದ್ದರ ಮೀನ ನುಂಗತಾವ." ಎಡಗೈಗೆ ದಾಟಿಸಿದ. "ಪೈಪ ಹಾಕಬಾರದಂತ?"

"ನೀವು ಹಾಕ್ರಿ ಮಾಮಾ."

"ವಾರಂಟಿ?"

"ಹೋದರ ಹೋಗಲಿ ತಗೋರಿ."

ಮಾಮಾ ಎಣ್ಣೆ ಬಟ್ಟಲಿಗೆ ಬೆರಳು ಅದ್ದಿ ಅದನ್ನು ತಲೆಯಿಂದ ತುದಿಯವರೆಗೆ ಸವರಿದ. ಖಾಲಿ ಕಿಸೆಗೆ ಮೊದಲು ಸೀಳಿದ್ದನ್ನು ಇಳಿಸಿ, ಅದರ ಮಗ್ಗುಲಿಗೆ ಇದನ್ನು ಇರುಕಿದ. ಸುರುಳಿ ಸುತ್ತಿ, ಎದ್ದು ಹೋಗಿ ಕೈತೊಳೆದು ಬಂದು ರೊಟ್ಟಿ ಮುರಿದ.

ಬಾಯಿತುಂಬ ತುತ್ತು ಇಟ್ಟುಕೊಂಡೇ ನನ್ನ ಪೆಟ್ಟಿಗೆಯತ್ತ ಗದ್ದ ಎತ್ತಿದ. "ಉಳದದ್ದೂ ಇಲ್ಲೇ ಬಿಟ್ಟ ಹೋಗ. ಕೊಲ್ಹಾಪುರದಾಗ ಅವಕ್ಕ ಏನ ಕೆಲಸ ಐತಿ?"

ಅತ್ತೆ ಹಣೆ ಬಡಿದುಕೊಂಡಳು. "ಆವತ್ತೂ ಹಿಂಗ! ನಮ್ಮಪ್ಪ ಸೆಟ್ಟ ಒಪ್ಪಿದ ಮ್ಯಾಲ ಹತೋಡೀನೂ ಬೇಕಂದಿದ್ದರು."

ಹೊರಗೆ ಇನ್ನೊಂದು ರೊಟ್ಟಿಗೆ ಸಾಲುವಷ್ಟು ಬೆಳಕು ಉಳಿದಿತ್ತು. ಅವಳು ಬಡಿಸಿದಳು.